ಕುಂಬಾರಕೊಪ್ಪಲಿನ ಟೇಬಲ್ ಸಾ: ತ್ರೀ ಫೇಸ್ ಸ್ಟಾರ್ಟರ್ ಸಿಂಗಲ್ ಫೇಸ್‌ಗೆ ಬಂದಾಗ

ಬಟನ್ ಒತ್ತಿ ಮೋಟಾರ್ ಓಡಿಸುವ, ನಿಲ್ಲಿಸುವ ತ್ರೀ ಫೇಸ್ ಸ್ಟಾರ್ಟರನ್ನು ಸಿಂಗಲ್ ಫೇಸ್‌ನಲ್ಲಿ ಓಡಿಸಬೇಕಾದರೆ ಒಂದು ವೈರ್ ಕಮ್ಮಿ ಮಾಡಿದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಈ ಪ್ರಕರಣದಲ್ಲೂ ಶುರುವಾಗಿದ್ದು ಅಲ್ಲಿಂದಲೇ. ಆಮೇಲೆ ತೊಂದರೆಗಳು ಒಂದರ ಹಿಂದೆ ಒಂದು ಬಂದವು. ಪ್ರತಿ ಸಲವೂ "ಸ್ಟಾರ್ಟರ್ ಹೋಗಿದೆ, ಬಿಸಾಕಿ, ಒಂದು ಸ್ವಿಚ್ ಹಾಕಿಬಿಡೋಣ" ಅನ್ನುವ ಮಾತು ಬಂತು. ಸ್ಟಾರ್ಟರ್ ಚೆನ್ನಾಗಿಯೇ ಇತ್ತು. ಅದರ ಒಂದೊಂದು ಟರ್ಮಿನಲ್ಲಿನ ಕೆಲಸ ಬದಲಾಗಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಮರ ಕೊಯ್ಯುವ ಮಿಷನ್ನಿಗೆ ಸ್ಟಾರ್ಟರ್ ಬೇಕೇ ಬೇಕು ಅಂತ ನಾನು ಯಾಕೆ ಹಟ ಹಿಡಿದೆ ಅನ್ನುವುದನ್ನೂ ಇದರಲ್ಲೇ ಹೇಳುತ್ತೇನೆ.

ಮಿಷನ್ ಮತ್ತು ಲೈನ್

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ ಇಟ್ಟುಕೊಂಡಿದ್ದ ಮರಗೆಲಸದವರೊಬ್ಬರು ಶೆಡ್ ಬಿಟ್ಟುಕೊಟ್ಟು ಮನೆಗೆ ಬಂದರು. ಮನೆ ಹತ್ತಿರದ ಕುಂಬಾರಕೊಪ್ಪಲಿನಲ್ಲಿ. ಎಲ್ಲರೂ ಅವರನ್ನು ಆಚಾರ್ರು ಅಂತ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಬಾಗಿಲು, ಕಿಟಕಿ, ದೇವರ ಮಂಟಪ ಅವರ ಕೆಲಸ. ತೇಗ, ಹೊನ್ನೆ, ಬೇವು, ಹಲಸು ಎಲ್ಲವೂ ಅವರ ಟೇಬಲ್ ಮೇಲೆ ಬರುತ್ತವೆ. ಮನೆಯ ಹಿಂದೆ ಶೀಟ್ ಹೊದಿಸಿದ ಜಾಗದಲ್ಲಿ ಹತ್ತು ಇಂಚಿನ ಬ್ಲೇಡಿನ ಟೇಬಲ್ ಸಾ ಇಳಿಸಿದರು.

ಮಿಷನ್ನಿಗಿದ್ದ ಮೋಟಾರ್ 2 ಎಚ್‌ಪಿ. ನೇಮ್‌ಪ್ಲೇಟ್ ಪ್ರಕಾರ 415 ವೋಲ್ಟ್, ಸ್ಟಾರ್ ಕನೆಕ್ಷನ್ (ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಂದೇ ಗಂಟಿಗೆ ಸೇರಿದ್ದು), 3.4 ಆಂಪ್, 2850 ಸುತ್ತು. ಜೊತೆಗೆ ಒಂದು ಡಿಒಎಲ್ ಸ್ಟಾರ್ಟರ್, ಲೈನನ್ನು ನೇರವಾಗಿ ಮೋಟಾರಿಗೆ ಕೊಡುವಂಥದ್ದು. ಅಂದರೆ ಹಸಿರು ಬಟನ್, ಕೆಂಪು ಬಟನ್, ಒಳಗೆ ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟ್ ಕೊಟ್ಟರೆ ಮ್ಯಾಗ್ನೆಟ್ ಎಳೆದು ಮುಚ್ಚುವ ಸ್ವಿಚ್), ಅದರ ಕೆಳಗೆ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಭಾಗ). ಮನೆಯಲ್ಲಿ ಇದ್ದದ್ದು ಸಿಂಗಲ್ ಫೇಸ್.

ತ್ರೀ ಫೇಸ್ ಸಂಪರ್ಕ ಸಿಗುವ ಜಾಗದಲ್ಲಿ ಅದನ್ನೇ ತಗೊಳ್ಳುವುದು ಒಳ್ಳೆಯದು. ಇದು ನನ್ನ ಖಚಿತ ಅಭಿಪ್ರಾಯ. ಮೋಟಾರ್ ಗಟ್ಟಿ, ವೈರ್ ತೆಳ್ಳಗಿದ್ದರೆ ಸಾಕು, ಕೆಪಾಸಿಟರಿನ ಗೋಳಿಲ್ಲ. ಆದರೆ ಆಚಾರ್ರಿಗೆ ಇನ್ನೊಂದೆರಡು ವರ್ಷದಲ್ಲಿ ಬೇರೆ ಕಡೆ ಸ್ವಂತ ಶೆಡ್ ಕಟ್ಟುವ ಯೋಚನೆ ಇತ್ತು. ಅಲ್ಲಿಯವರೆಗೆ ಸಿಂಗಲ್ ಫೇಸ್ ಸಾಕು ಅಂದರು. ಹಾಗಂತ ಮನೆ ಮೀಟರಿನಲ್ಲಿ ಮಿಷನ್ ಓಡಿಸಲು ನಾನು ಒಪ್ಪಲಿಲ್ಲ. ಮನೆ ಬಳಕೆಯ ಸಂಪರ್ಕದಲ್ಲಿ ವ್ಯಾಪಾರದ ಕೆಲಸ ಮಾಡಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಬಿಲ್ ಎರಡು ಪಟ್ಟು ದರದಲ್ಲಿ ಬರುತ್ತದೆ. ಮೈಸೂರು ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಕೊಟ್ಟು ಶೆಡ್ಡಿಗೆ ಬೇರೆ ಮೀಟರ್ ಹಾಕಿಸಿಕೊಂಡ ಮೇಲೇ ಮುಂದಿನ ಕೆಲಸ.

ಹಳೆ ಮೋಟಾರನ್ನೇ ಓಡಿಸಬಹುದಿತ್ತಾ?

ಮೊದಲು ಬಂದ ಸಲಹೆ ಕಂಡೆನ್ಸರ್, ಅಂದರೆ ಕೆಪಾಸಿಟರ್, ಹಾಕುವುದು. "ಮಂಡ್ಯ ಕಡೆ ನೋಡಿ, ಗದ್ದೆ ಪಂಪ್‌ಸೆಟ್‌ನ ಹಂಗೇ ಓಡಿಸ್ತಾರಲ್ವಾ" ಅಂದರು ಯಾರೋ. ಓಡಿಸುವುದು ನಿಜ. ಮೂರು ಫೇಸಿನ ಮೋಟಾರಿಗೆ ಸಿಂಗಲ್ ಫೇಸ್ ಕೊಟ್ಟು, ಮೂರನೇ ತುದಿಗೆ ಕೆಪಾಸಿಟರ್ ಮೂಲಕ ಕರೆಂಟ್ ತಿರುಗಿಸುತ್ತಾರೆ. ಮೋಟಾರ್ ತಿರುಗುತ್ತದೆ. ಆದರೆ ಪೂರ್ತಿ ಶಕ್ತಿ ಬರುವುದಿಲ್ಲ, ಮೂರು ವೈಂಡಿಂಗ್‌ಗಳಲ್ಲಿ ಕರೆಂಟ್ ಸಮವಾಗಿ ಹರಿಯುವುದಿಲ್ಲ, ಒಂದು ವೈಂಡಿಂಗ್ ಜಾಸ್ತಿ ಕಾಯುತ್ತದೆ. ಕೆಪಾಸಿಟರ್ ಸರಿಯಾಗಿ ಹೊಂದುವುದು ಒಂದೇ ಒಂದು ಲೋಡಿಗೆ. ಪಂಪಿನ ಲೋಡ್ ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ. ಬೋರ್‌ವೆಲ್ ಮೋಟಾರ್ ಆದರೆ ಸುತ್ತ ನೀರೇ ಇದ್ದು ತಂಪು ಮಾಡುತ್ತದೆ. ಟೇಬಲ್ ಸಾದಲ್ಲಿ ಲೋಡ್ ಒಂದು ಕ್ಷಣ ಸೊನ್ನೆ, ಮರುಕ್ಷಣ ಗಂಟಿರುವ ಹೊನ್ನೆ. ಅಷ್ಟಾದರೂ ಎಷ್ಟು ಪಂಪ್ ಮೋಟಾರ್‌ಗಳು ಹೀಗೆ ಸುಟ್ಟು ವೈಂಡಿಂಗ್ ಅಂಗಡಿಗೆ ಬರುತ್ತವೆ ಅನ್ನುವುದನ್ನು ಆ ಅಂಗಡಿಯವರನ್ನೇ ಕೇಳಬೇಕು.

ಎರಡನೇ ದಾರಿ ವಿಎಫ್‌ಡಿ, ಅಂದರೆ ಮೋಟಾರಿಗೆ ಬೇಕಾದ ಕರೆಂಟನ್ನು ತಯಾರಿಸಿ ಕೊಡುವ ಎಲೆಕ್ಟ್ರಾನಿಕ್ ಡ್ರೈವ್. 230 ವೋಲ್ಟಿನ ಸಿಂಗಲ್ ಫೇಸ್ ತಗೊಂಡು 230 ವೋಲ್ಟಿನ ತ್ರೀ ಫೇಸ್ ಕೊಡುವ ಡ್ರೈವ್‌ಗಳು ಸಿಗುತ್ತವೆ. 415 ಸ್ಟಾರ್ ಅಂತ ಬರೆದ ಮೋಟಾರನ್ನು ಡೆಲ್ಟಾ ಮಾಡಿದರೆ, ಅಂದರೆ ವೈಂಡಿಂಗ್‌ಗಳನ್ನು ತುದಿಗೆ ತುದಿ ಸೇರಿಸಿ ತ್ರಿಕೋನದ ಹಾಗೆ ಕಟ್ಟಿದರೆ, 240 ವೋಲ್ಟಿಗೆ ಸರಿಹೋಗುತ್ತದೆ. 415ನ್ನು 1.732ರಿಂದ ಭಾಗಿಸಿದರೆ ಬರುವುದು ಅದೇ. ಒಳ್ಳೆಯ ದಾರಿ. ಆದರೆ ಅದಕ್ಕೆ ವೈಂಡಿಂಗಿನ ಆರೂ ತುದಿಗಳು ಟರ್ಮಿನಲ್ ಬಾಕ್ಸಿಗೆ ಬಂದಿರಬೇಕು. ಈ ಮೋಟಾರಿನಲ್ಲಿ ಸ್ಟಾರ್ ಗಂಟು ಒಳಗೇ ಕಟ್ಟಿ ವಾರ್ನಿಷ್ ಕುಡಿಸಿದ್ದರು. ಹೊರಗೆ ಬಂದದ್ದು ಮೂರೇ ತುದಿ. ಬಿಚ್ಚಿಸಿ ಹೊರಗೆ ತೆಗೆಸಬಹುದಿತ್ತು. ಡ್ರೈವ್‌ಗೆ ಮರದ ಪುಡಿ ಹೋಗದ ಡಬ್ಬಿಯೂ ಬೇಕು. ಇನ್ನೊಂದು ವಿಷಯ: ಡ್ರೈವ್ ಮತ್ತು ಮೋಟಾರಿನ ನಡುವೆ ಸ್ಟಾರ್ಟರ್ ಇಟ್ಟು ಓಡುವಾಗ ಆನ್ ಆಫ್ ಮಾಡಬಾರದು, ಡ್ರೈವ್ ಹಾಳಾಗುತ್ತದೆ. ಬಟನ್‌ಗಳನ್ನು ಡ್ರೈವಿನ ಕಂಟ್ರೋಲ್ ಟರ್ಮಿನಲ್‌ಗೇ ಕೊಡಬೇಕು.

ಆಚಾರ್ರು ಮೂರನೇ ದಾರಿ ಹಿಡಿದರು. 2 ಎಚ್‌ಪಿಯ ಸಿಂಗಲ್ ಫೇಸ್ ಕೆಪಾಸಿಟರ್ ಮೋಟಾರ್ ತಂದರು. ಸುತ್ತು ಅಷ್ಟೇ ಇರುವಂತೆ ನೋಡಿಕೊಂಡಿದ್ದರು, ಅದು ದೊಡ್ಡ ವಿಷಯ. 1440 ಸುತ್ತಿನದು ತಂದು ಅದೇ ಪುಲ್ಲಿ ಹಾಕಿದ್ದರೆ ಬ್ಲೇಡಿನ ವೇಗ ಅರ್ಧಕ್ಕೆ ಇಳಿಯುತ್ತಿತ್ತು. ಶಾಫ್ಟ್ ಎರಡರದ್ದೂ 24 ಮಿಲಿಮೀಟರ್, ಪುಲ್ಲಿ ಹಾಗೇ ಕೂತಿತು. ಪಾದದ ತೂತುಗಳು ಮಾತ್ರ ಉದ್ದಕ್ಕೆ 25 ಮಿಲಿಮೀಟರ್ ಆಚೆ ಇದ್ದವು. ಹಳೆಯದು 90ಎಸ್ ಫ್ರೇಮ್, ಹೊಸದು 90ಎಲ್. ಮೋಟಾರ್ ಪ್ಲೇಟಿಗೆ ಹೊಸ ತೂತು ಹಾಕಿದರು, ಮುಗಿಯಿತು.

ಹೊಸ ನೇಮ್‌ಪ್ಲೇಟಿನಲ್ಲಿ 230 ವೋಲ್ಟ್, 10.5 ಆಂಪ್. ಅದೇ ಎಚ್‌ಪಿ, ಆದರೆ ಕರೆಂಟ್ ಮೂರು ಪಟ್ಟು. ಮುಂದಿನ ತೊಂದರೆಗಳಲ್ಲಿ ಅರ್ಧಕ್ಕೆ ಕಾರಣ ಈ ಒಂದು ಅಂಕಿ.

ಗುಯ್ ಅನ್ನುವ ಕಾಂಟ್ಯಾಕ್ಟರ್

ವೈರಿಂಗ್ ಮಾಡಿದ್ದು ಬಡಾವಣೆಯ ಎಲೆಕ್ಟ್ರಿಷಿಯನ್ ಹುಡುಗ. ಕೈ ಚುರುಕು, ಕೆಲಸ ನೀಟು. ಸ್ಟಾರ್ಟರಿನಲ್ಲಿ ಕರೆಂಟ್ ಒಳಗೆ ಬರುವ ಮೂರು ಟರ್ಮಿನಲ್ ಎಲ್1, ಎಲ್2, ಎಲ್3; ಮೋಟಾರಿಗೆ ಹೊರಗೆ ಹೋಗುವವು ಟಿ1, ಟಿ2, ಟಿ3. ಎಲ್1ಕ್ಕೆ ಫೇಸ್, ಎಲ್3ಕ್ಕೆ ನ್ಯೂಟ್ರಲ್ ಕೊಟ್ಟ. ನಡುವಿನ ಎಲ್2 ಖಾಲಿ ಬಿಟ್ಟ. ಕೆಳಗಿನಿಂದ ಟಿ1, ಟಿ3 ಮೋಟಾರಿಗೆ. ಹಸಿರು ಬಟನ್ ಒತ್ತಿದರೆ ಕಾಂಟ್ಯಾಕ್ಟರ್ ಗುಯ್ ಅನ್ನುತ್ತಿತ್ತು, ಎಳೆದುಕೊಳ್ಳುತ್ತಿರಲಿಲ್ಲ. ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದ. ಆಗ ಹಿಡಿದುಕೊಂಡಿತು, ಮೋಟಾರ್ ತಿರುಗಿತು. "ಸ್ಪ್ರಿಂಗ್ ಟೈಟ್ ಆಗಿದೆ ಆಚಾರ್ರೇ, ಓಡ್ತಾ ಓಡ್ತಾ ಸರಿಹೋಗುತ್ತೆ" ಅಂದನಂತೆ. ಸ್ವಲ್ಪ ಹೊತ್ತಿಗೆ ವಾರ್ನಿಷ್ ಸುಟ್ಟ ವಾಸನೆ ಬಂತು.

ಕಾಯಿಲ್ ಮೇಲೆ 415 ವೋಲ್ಟ್ ಅಂತ ಬರೆದಿತ್ತು. ನಮ್ಮ ಕಡೆಯ ತ್ರೀ ಫೇಸ್ ಸ್ಟಾರ್ಟರ್‌ಗಳಲ್ಲಿ ಇದು ಮಾಮೂಲು. ನ್ಯೂಟ್ರಲ್ ಬೇಕಾಗದ ಹಾಗೆ ಕಾಯಿಲನ್ನು ಎರಡು ಫೇಸ್‌ಗಳ ನಡುವೆ ಕಟ್ಟಿರುತ್ತಾರೆ. ಕಾಂಟ್ಯಾಕ್ಟರ್ ಖಚಿತವಾಗಿ ಎಳೆದುಕೊಳ್ಳಲು ಕಾಯಿಲಿಗೆ ಬರೆದ ವೋಲ್ಟೇಜಿನ ಶೇಕಡಾ 85 ಆದರೂ ಸಿಗಬೇಕು. 415ಕ್ಕೆ ಅದು ಸುಮಾರು 353 ವೋಲ್ಟ್. ಸಿಕ್ಕಿದ್ದು 230, ಅಂದರೆ ಶೇಕಡಾ 55.

ಕೈಯಲ್ಲಿ ಒತ್ತಿದಾಗ ಯಾಕೆ ಹಿಡಿದುಕೊಂಡಿತು? ಎಳೆಯಲು ಬೇಕಾಗುವ ಬಲ ಜಾಸ್ತಿ, ಹಿಡಿದಿಡಲು ಬೇಕಾಗುವ ಬಲ ಕಮ್ಮಿ. ಮ್ಯಾಗ್ನೆಟ್ಟಿನ ಎರಡು ಭಾಗ ಒಂದಕ್ಕೊಂದು ಅಂಟಿದ ಮೇಲೆ ಅರ್ಧ ವೋಲ್ಟೇಜಿಗೂ ನಿಲ್ಲಬಹುದು. ಬಹುತೇಕ ಜನ ಇಲ್ಲೇ ಮೋಸ ಹೋಗುವುದು. "ಓಡ್ತು" ಅನ್ನಿಸುತ್ತದೆ. ಆದರೆ ಮ್ಯಾಗ್ನೆಟ್ ಪೂರ್ತಿ ಮುಚ್ಚದೆ ನಡುವೆ ಸಂದಿ ಉಳಿದರೆ ಕಾಯಿಲ್ ಹಲವು ಪಟ್ಟು ಕರೆಂಟ್ ಎಳೆದು ಕಾಯುತ್ತದೆ. ಒತ್ತಡ ಸಾಲದ ಕಾಂಟ್ಯಾಕ್ಟ್‌ಗಳಲ್ಲಿ ಕಿಡಿ ಹಾರಿ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಬೆಸೆದರೆ ಕೆಂಪು ಬಟನ್ ಒತ್ತಿದರೂ ಬ್ಲೇಡ್ ನಿಲ್ಲುವುದಿಲ್ಲ. ಆದ್ದರಿಂದ ಕಾಂಟ್ಯಾಕ್ಟರನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮಿಷನ್ ಓಡಿಸುವುದನ್ನು ಯಾರೂ ಮಾಡಬೇಡಿ.

ಬಿಡಿಭಾಗದ ಅಂಗಡಿಯವರ ಮಾತು ಕೇಳಿ ಹುಡುಗ ಅದೇ ಕಾಂಟ್ಯಾಕ್ಟರಿಗೆ 230 ವೋಲ್ಟಿನ ಕಾಯಿಲ್ ತಂದು ಹಾಕಿದ. ಇಡೀ ಸ್ಟಾರ್ಟರ್ ಬದಲಿಸಬೇಕಿಲ್ಲ, ಕಾಯಿಲ್ ಮಾತ್ರ ಬೇರೆಯಾಗಿ ಸಿಗುತ್ತದೆ. ಹಳೆ ಓವರ್‌ಲೋಡ್ ರಿಲೇ 2.5ರಿಂದ 4 ಆಂಪ್‌ನದು, 10.5 ಆಂಪ್‌ಗೆ ಅದು ನಿಲ್ಲುವ ಮಾತೇ ಇಲ್ಲ. 9ರಿಂದ 14 ಆಂಪ್‌ನ ರಿಲೇ ಹಾಕಿ, ಡಯಲ್ಲನ್ನು 10.5ಕ್ಕೆ ಇಟ್ಟ. ಕಾಂಟ್ಯಾಕ್ಟರ್ 16 ಆಂಪ್‌ನದಾದ್ದರಿಂದ ಅದೇ ಉಳಿಯಿತು.

ಲೋಡ್ ಸರಿಯಿದ್ದರೂ ಟ್ರಿಪ್

ನನ್ನನ್ನು ಕರೆದದ್ದು ಈ ಹಂತದಲ್ಲಿ. ಖಾಲಿ ಓಡಿಸಿದರೆ ಮಿಷನ್ ಎಷ್ಟು ಹೊತ್ತಾದರೂ ಓಡುತ್ತಿತ್ತು. ರೀಪರ್ ಸೀಳಿದರೆ ಓಡುತ್ತಿತ್ತು. ಎರಡು ಇಂಚಿನ ಹೊನ್ನೆ ಹಲಗೆ ಉದ್ದಕ್ಕೆ ಕೊಯ್ಯಲು ಹೋದರೆ ಕೆಲವು ನಿಮಿಷಕ್ಕೆ ರಿಲೇ ಟಕ್ ಅಂತ ಬೀಳುತ್ತಿತ್ತು. "ಸಾರ್, ಬ್ಲೇಡ್ ಹೊಸದು, ಬೆಲ್ಟ್ ಸರಿಯಿದೆ, ಮರ ಎಲ್ಲೂ ಸಿಕ್ಕಿಹಾಕ್ಕೊಳ್ತಿಲ್ಲ. ಮೋಟಾರ್ ಮುಟ್ಟಿದ್ರೆ ಬಿಸೀನೂ ಇಲ್ಲ" ಅಂದರು ಆಚಾರ್ರು. ಅವರ ಕೈ ಹೇಳಿದ್ದು ಸರಿಯಾಗಿತ್ತು. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ. ಕೊಯ್ಯುವಾಗ 11 ಆಂಪ್ ಆಸುಪಾಸು. 10.5ಕ್ಕೆ ಇಟ್ಟ ರಿಲೇ 11 ಆಂಪ್‌ಗೆ ಅಷ್ಟು ಬೇಗ ಬೀಳಬಾರದು.

ಹುಡುಗ ಡಯಲ್ಲನ್ನು 14ಕ್ಕೆ ತಿರುಗಿಸೋಣ ಅಂದ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ರಿಲೇಯನ್ನೇ ಬೈಪಾಸ್ ಮಾಡಿ ಅಂದರು. ಎರಡೂ ಬೇಡ ಅಂದೆ. ಬ್ಲೇಡ್ ಸಿಕ್ಕಿಕೊಂಡು ಮೋಟಾರ್ ನಿಂತೇ ಹೋದರೆ ಐವತ್ತು ಅರವತ್ತು ಆಂಪ್ ಹರಿಯುತ್ತದೆ. ಆಗ 14ರಲ್ಲಿಟ್ಟ ರಿಲೇಯೂ ಬೀಳುತ್ತದೆ, ನಿಜ. ಆದರೆ ಮೊಂಡಾದ ಬ್ಲೇಡಿನಲ್ಲಿ ದಿನವಿಡೀ 13 ಆಂಪ್ ಎಳೆಯುತ್ತಾ ನಿಧಾನವಾಗಿ ಸುಡುವ ಮೋಟಾರನ್ನು ಅದು ಕಾಯುವುದಿಲ್ಲ. ಮರಗೆಲಸದ ಮೋಟಾರ್‌ಗಳು ಜಾಸ್ತಿ ಸಾಯುವುದು ಹಾಗೇ.

ಕಾರಣ ರಿಲೇಯ ಒಳಗಿತ್ತು. ಅದರಲ್ಲಿ ಮೂರು ಬೈಮೆಟಲ್ ಪಟ್ಟಿಗಳಿರುತ್ತವೆ, ಒಂದೊಂದು ಫೇಸಿಗೆ ಒಂದೊಂದು. ಕರೆಂಟ್ ಹರಿದು ಕಾದಂತೆ ಪಟ್ಟಿ ಬಾಗುತ್ತದೆ, ಬಾಗಿದ ಪಟ್ಟಿ ಒಂದು ಜಾರುವ ಸಲಾಕೆಯನ್ನು ತಳ್ಳುತ್ತದೆ. ಈಗಿನ ಬಹುತೇಕ ರಿಲೇಗಳಲ್ಲಿ ಅಂಥ ಸಲಾಕೆ ಎರಡಿರುತ್ತವೆ. ಮೂರೂ ಪಟ್ಟಿ ಸಮವಾಗಿ ಬಾಗಿದರೆ ಎರಡು ಸಲಾಕೆ ಜೊತೆಜೊತೆಯಾಗಿ ಹೋಗುತ್ತವೆ. ಒಂದು ಪಟ್ಟಿ ತಣ್ಣಗಿದ್ದರೆ ಅದು ಒಂದು ಸಲಾಕೆಯನ್ನು ಹಿಂದೆಯೇ ತಡೆದು ನಿಲ್ಲಿಸುತ್ತದೆ. ಆ ವ್ಯತ್ಯಾಸವೇ ಲಿವರ್ ತಿರುಗಿಸಿ ರಿಲೇಯನ್ನು ಬೇಗ ಬೀಳಿಸುತ್ತದೆ. ತ್ರೀ ಫೇಸ್‌ನಲ್ಲಿ ಇದು ದೊಡ್ಡ ಉಪಕಾರ. ಎಲ್ಲೋ ಒಂದು ಫ್ಯೂಸ್ ಹೋಗಿ ಮೋಟಾರ್ ಎರಡೇ ಫೇಸಿನಲ್ಲಿ ಒದ್ದಾಡುವಾಗ ಅದನ್ನು ಉಳಿಸುವುದು ಈ ಏರ್ಪಾಡೇ.

ನಮ್ಮ ಹುಡುಗ ಎರಡೇ ಕಂಬಗಳಲ್ಲಿ, ಅಂದರೆ ಎಲ್1–ಟಿ1 ಮತ್ತು ಎಲ್3–ಟಿ3 ದಾರಿಗಳಲ್ಲಿ ಮಾತ್ರ, ಕರೆಂಟ್ ಹರಿಸಿದ್ದ. ನಡುವಿನದು ತಣ್ಣಗೆ ಕೂತಿತ್ತು. ರಿಲೇಗೆ ಅದು ಫೇಸ್ ಹೋದ ಮೋಟಾರಿನ ಹಾಗೆ ಕಂಡಿತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಪರಿಹಾರ ಒಂದು ತುಂಡು ವೈರ್. ಮೂರೂ ಪಟ್ಟಿಗಳಲ್ಲಿ ಮೋಟಾರಿನ ಪೂರ್ತಿ ಕರೆಂಟ್ ಹರಿಯಬೇಕು. ಫೇಸ್ ಎಲ್1ಕ್ಕೆ ಬರುತ್ತದೆ, ಕಾಂಟ್ಯಾಕ್ಟರಿನ ಮೊದಲ ಕಂಬ ದಾಟಿ, ರಿಲೇಯ ಮೊದಲ ಪಟ್ಟಿ ದಾಟಿ, ಟಿ1ರಲ್ಲಿ ಹೊರಬೀಳುತ್ತದೆ. ಅಲ್ಲಿಂದ ಅದನ್ನು ಮೋಟಾರಿಗೆ ಕಳಿಸದೆ, ಲೂಪ್ ವೈರ್ ಹಾಕಿ ಮತ್ತೆ ಮೇಲಕ್ಕೆ ಎಲ್3ಕ್ಕೆ ಒಯ್ಯಬೇಕು. ಅಲ್ಲಿಂದ ಮೂರನೇ ಕಂಬ, ಮೂರನೇ ಪಟ್ಟಿ, ಟಿ3, ಆಮೇಲೆ ಮೋಟಾರ್. ನ್ಯೂಟ್ರಲ್ ಎಲ್2ಕ್ಕೆ ಬಂದು ನಡುವಿನ ಕಂಬ, ಪಟ್ಟಿ ದಾಟಿ ಟಿ2ರಿಂದ ಮೋಟಾರಿಗೆ. ಲೂಪಿನ ವೈರ್ ಮೋಟಾರ್ ವೈರಿನಷ್ಟೇ ದಪ್ಪ ಇರಬೇಕು, ಪೂರ್ತಿ ಕರೆಂಟ್ ಹೊರುವುದು ಅದೇ. ತುದಿಗೆ ಲಗ್ ಒತ್ತಿಸಬೇಕು. ಟರ್ಮಿನಲ್ ಸಡಿಲ ಇದ್ದರೆ ಅಲ್ಲಿನ ಬಿಸಿ ಪಟ್ಟಿಗೆ ತಗುಲಿ ಅದೂ ಸುಳ್ಳು ಟ್ರಿಪ್ ಮಾಡಿಸುತ್ತದೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಆಫ್ ಆದಾಗ ಫೇಸ್ ಎರಡು ಕಡೆ ಕಡಿಯುತ್ತದೆ, ನ್ಯೂಟ್ರಲ್ಲೂ ಕಡಿಯುತ್ತದೆ.

ಹಸಿರು ಬಟನ್ ಸತ್ತುಹೋಯಿತು

ಚಿತ್ರ ಬರೆದುಕೊಟ್ಟು ಬಂದೆ. ಹುಡುಗ ಲೂಪ್ ಹಾಕಿ ಫೋನ್ ಮಾಡಿದ. ಈಗ ಗುಯ್ ಅನ್ನುವುದೂ ಇಲ್ಲ, ಏನೂ ಇಲ್ಲವಂತೆ. ಕೈಯಲ್ಲಿ ಒತ್ತಿದರೂ ಬಿಟ್ಟ ತಕ್ಷಣ ಬಿದ್ದುಹೋಗುತ್ತದಂತೆ. ಅವನು ಮತ್ತೆ ಒತ್ತಿ ನೋಡಿದ್ದ ಅನ್ನುವುದು ನನಗೆ ಬೇಸರ ತಂದಿತು, ಅದನ್ನು ಅವನಿಗೆ ಹೇಳಿಯೂ ಹೇಳಿದೆ. ಆದರೆ ಅವನು ಕೊಟ್ಟ ಈ ಒಂದು ಸುಳಿವಿನಿಂದ ಕಾರಣ ಫೋನಿನಲ್ಲೇ ಗೊತ್ತಾಯಿತು.

ಕಾರ್ಖಾನೆಯಿಂದ ಬಂದಾಗ ಈ ಸ್ಟಾರ್ಟರಿನ ಕಂಟ್ರೋಲ್ ವೈರ್ ಎಲ್1ರಿಂದ ಹೊರಟು ಕೆಂಪು ಬಟನ್, ಹಸಿರು ಬಟನ್ ದಾಟಿ ಕಾಯಿಲಿನ ಒಂದು ತುದಿಯಾದ ಎ1ಕ್ಕೆ ಹೋಗುತ್ತಿತ್ತು. ಇನ್ನೊಂದು ತುದಿ ಎ2ರಿಂದ ರಿಲೇಯ 95–96 (ರಿಲೇ ಬಿದ್ದಾಗ ತೆರೆದುಕೊಳ್ಳುವ ಕಾಂಟ್ಯಾಕ್ಟ್) ದಾಟಿ ಎಲ್3ಕ್ಕೆ ಸೇರುತ್ತಿತ್ತು. ಎಲ್3ರಲ್ಲಿ ಯಾವಾಗಲೂ ಒಂದು ಫೇಸ್ ಇರುವವರೆಗೆ ಇದು ಸರಿ. ಹುಡುಗನ ಮೊದಲ ವೈರಿಂಗ್‌ನಲ್ಲಿ ಅಲ್ಲಿ ನ್ಯೂಟ್ರಲ್ ಇತ್ತು, ಆಗಲೂ ಸರಿ. ಲೂಪ್ ಬಂದ ಮೇಲೆ ಎಲ್3ಕ್ಕೆ ಕರೆಂಟ್ ಬರುವುದು ಟಿ1ರಿಂದ, ಅಂದರೆ ಕಾಂಟ್ಯಾಕ್ಟರ್ ಮುಚ್ಚಿದ ಮೇಲೆ ಮಾತ್ರ. ಬಟನ್ ಒತ್ತಿದಾಗ ಕಾಯಿಲಿನ ಒಂದು ತುದಿಗೆ ಫೇಸ್ ಸಿಗುತ್ತಿತ್ತು, ಇನ್ನೊಂದು ತುದಿ ನ್ಯೂಟ್ರಲ್ಲಿಗೆ ಸೇರುತ್ತಲೇ ಇರಲಿಲ್ಲ. ಕೈಯಲ್ಲಿ ಒತ್ತಿದರೆ ಎರಡೂ ತುದಿಗೆ ಅದೇ ಫೇಸ್. ಎರಡರ ನಡುವೆ ವೋಲ್ಟೇಜ್ ಇಲ್ಲ, ಹಿಡಿದುಕೊಳ್ಳುವುದು ಹೇಗೆ?

ಎ2ರ ವೈರನ್ನು ಎಲ್3ರಿಂದ ಬಿಚ್ಚಿ ಎಲ್2ಕ್ಕೆ, ಅಂದರೆ ನ್ಯೂಟ್ರಲ್ಲಿಗೆ ಹಾಕಿದರೆ ಮಿಷನ್ ಓಡುತ್ತದೆ. ನಾವು ಅಲ್ಲಿಗೆ ನಿಲ್ಲಿಸಲಿಲ್ಲ. ಹಾಗೆ ಬಿಟ್ಟರೆ ರಿಲೇಯ 95–96 ಕಾಂಟ್ಯಾಕ್ಟ್ ನ್ಯೂಟ್ರಲ್ ದಾರಿಯಲ್ಲಿ ಉಳಿಯುತ್ತದೆ. ಎ2 ಮತ್ತು 95ರ ನಡುವಿನ ವೈರ್ ಸಿಪ್ಪೆ ಸುಲಿದು ಕಬ್ಬಿಣದ ಡಬ್ಬಿಗೆ ತಾಗಿತು ಅಂದುಕೊಳ್ಳಿ. ರಿಲೇ ಬಿದ್ದರೂ ಕಾಯಿಲಿಗೆ ಅರ್ಥ್ ಮೂಲಕ ದಾರಿ ಸಿಗುತ್ತದೆ. ಮೋಟಾರ್ ನಿಲ್ಲುವುದೇ ಇಲ್ಲ. ಅದಕ್ಕೆ ನಿಲ್ಲಿಸುವ ಎಲ್ಲ ಕಾಂಟ್ಯಾಕ್ಟ್‌ಗಳನ್ನೂ ಫೇಸ್ ಕಡೆಗೆ ತಂದೆವು. ಎಲ್1ರಿಂದ 95–96, ಅಲ್ಲಿಂದ ಕೆಂಪು ಬಟನ್, ಅಲ್ಲಿಂದ ಹಸಿರು ಬಟನ್. ಹಸಿರಿಗೆ ಸಮಾನಾಂತರವಾಗಿ ಕಾಂಟ್ಯಾಕ್ಟರಿನ 13–14. ಆಮೇಲೆ ಎ1. ಎ2 ಮಾತ್ರ ನೇರವಾಗಿ ನ್ಯೂಟ್ರಲ್ಲಿಗೆ. ಆ ನ್ಯೂಟ್ರಲ್ ಇದೇ ಸರ್ಕ್ಯೂಟಿನದಾಗಿರಬೇಕು. ಪಕ್ಕದ ಲೈಟ್ ಬೋರ್ಡಿನಿಂದ ತಂದರೆ ಬಟನ್ ಒತ್ತಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ.

ಆ 13–14 ಪುಟ್ಟ ಕಾಂಟ್ಯಾಕ್ಟ್ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳುತ್ತೇನೆ. ಹಸಿರು ಬಟನ್ ಬಿಟ್ಟ ಮೇಲೂ ಕಾಯಿಲಿಗೆ ಕರೆಂಟ್ ಸಿಗುವುದು ಅದರ ಮೂಲಕ. ಲೈನಿನಲ್ಲಿ ಕರೆಂಟ್ ಹೋದರೆ ಕಾಂಟ್ಯಾಕ್ಟರ್ ಬಿದ್ದು ಈ ಕಾಂಟ್ಯಾಕ್ಟ್ ತೆರೆದುಕೊಳ್ಳುತ್ತದೆ. ಕರೆಂಟ್ ವಾಪಸ್ ಬಂದರೂ ಯಾರಾದರೂ ಹಸಿರು ಒತ್ತುವವರೆಗೆ ಮಿಷನ್ ಸುಮ್ಮನೆ ನಿಂತಿರುತ್ತದೆ. ಮಳೆಗಾಲದ ಸಂಜೆ ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುವುದು ಹೊಸದಲ್ಲ. ಆ ಹೊತ್ತಿನಲ್ಲಿ ಆಚಾರ್ರು ಬಗ್ಗಿ ಬ್ಲೇಡಿನ ಸುತ್ತ ಸಿಕ್ಕ ಚಕ್ಕೆ ತೆಗೆಯುತ್ತಿರುತ್ತಾರೆ, ಇಲ್ಲವೇ ಮನೆಯ ಮಗು ಟೇಬಲ್ ಹತ್ತಿರ ಬಂದಿರುತ್ತದೆ. ಸ್ಟಾರ್ಟರ್ ತೆಗೆದು ಮಾಮೂಲಿ ಸ್ವಿಚ್ ಹಾಕಿದ್ದರೆ ಕರೆಂಟ್ ಬಂದ ಕ್ಷಣ ಬ್ಲೇಡ್ ತಾನಾಗಿ ತಿರುಗುತ್ತಿತ್ತು. ಸ್ವಿಚ್ ಸಾಕು ಅನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುವುದು ಇದಕ್ಕೇ.

ಇದೇ ಅಪಾಯ ಇನ್ನೊಂದು ಬಾಗಿಲಿನಿಂದಲೂ ಬರುತ್ತದೆ. ಕೆಲವು ಸಿಂಗಲ್ ಫೇಸ್ ಮೋಟಾರ್‌ಗಳ ಒಳಗೇ ಬಿಸಿಗೆ ಕಡಿಯುವ ಥರ್ಮಲ್ ಸ್ವಿಚ್ ಇರುತ್ತದೆ. ಅದು ತಾನಾಗಿ ಮತ್ತೆ ಸೇರುವ ಬಗೆಯದಾದರೆ ಸ್ಟಾರ್ಟರಿಗೆ ಏನೂ ಗೊತ್ತಾಗುವುದಿಲ್ಲ. ಕಾಂಟ್ಯಾಕ್ಟರ್ ಹಿಡಿದೇ ಇರುತ್ತದೆ, ಮೋಟಾರ್ ಮಾತ್ರ ನಿಂತಿರುತ್ತದೆ, ತಣ್ಣಗಾದ ಕೂಡಲೇ ಓಡಲು ಶುರು ಮಾಡುತ್ತದೆ. ಟೇಬಲ್ ಸಾಗೆ ಅಂಥ ಮೋಟಾರ್ ತರಲೇಬಾರದು. ಈ ಮೋಟಾರಿನ ಟರ್ಮಿನಲ್ ಬಾಕ್ಸ್ ತೆಗೆದು, ಕನೆಕ್ಷನ್ ಚಿತ್ರ ನೋಡಿ, ಅದು ಇಲ್ಲ ಅಂತ ಖಾತ್ರಿ ಮಾಡಿಕೊಂಡೆವು.

ಸಂಜೆ ಹೊತ್ತಿನ ಕಟಕಟ

ಬೆಳಿಗ್ಗೆ ಸರಿಯಾಗಿ ಶುರುವಾಗುತ್ತಿದ್ದ ಮಿಷನ್ ಸಂಜೆ ಏಳರ ಸುಮಾರಿಗೆ ಕಟಕಟ ಅಂತ ಬಡಿದುಕೊಳ್ಳತೊಡಗಿತು. ಆ ಹೊತ್ತಿಗೆ ಶೆಡ್ಡಿನಲ್ಲಿ ವೋಲ್ಟೇಜ್ 215ರ ಹತ್ತಿರ ಇತ್ತು. ಅದೇನೂ ಕೆಟ್ಟದ್ದಲ್ಲ. ಆದರೆ ಮೀಟರ್ ಬೋರ್ಡಿನಿಂದ ಶೆಡ್ಡಿಗೆ 22 ಮೀಟರ್ ದೂರ, ಎಳೆದಿದ್ದು 1.5 ಚದರ ಮಿಲಿಮೀಟರ್ ವೈರ್. ಹಳೆ ಶೆಡ್ಡಿನಲ್ಲಿ 3.4 ಆಂಪ್‌ಗೆ ಅಷ್ಟು ವೈರ್ ಧಾರಾಳವಾಗಿತ್ತು, ಅದೇ ಅಳತೆ ಇಲ್ಲೂ ಬಂದಿತ್ತು.

ಲೆಕ್ಕ ಹೀಗಿದೆ. 1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ 12.1 ಓಮ್. ಹೋಗಿ ಬರಲು 44 ಮೀಟರ್, ಅಂದರೆ 0.53 ಓಮ್. ಶುರುವಾಗುವ ಕ್ಷಣದಲ್ಲಿ ಮೋಟಾರ್ 55 ಆಂಪ್ ಎಳೆದರೆ ವೈರಿನಲ್ಲೇ 29 ವೋಲ್ಟ್ ಕಳೆದುಹೋಗುತ್ತದೆ. 215ರಲ್ಲಿ ಉಳಿಯುವುದು 186. 230ರ ಕಾಯಿಲಿಗೆ ಎಳೆದುಕೊಳ್ಳಲು ಬೇಕಾದ್ದು 195.5. ಕಾಂಟ್ಯಾಕ್ಟ್ ಈಗಷ್ಟೇ ತಾಗಿದೆ, ಮ್ಯಾಗ್ನೆಟ್ ಇನ್ನೂ ಪೂರ್ತಿ ಕೂತಿಲ್ಲ, ಅಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆ. ಬೀಳುತ್ತದೆ. ಬಿದ್ದ ಕೂಡಲೇ ವೋಲ್ಟೇಜ್ ಏರುತ್ತದೆ, ಬೆರಳು ಇನ್ನೂ ಬಟನ್ ಮೇಲಿದೆ, ಮತ್ತೆ ಎಳೆಯುತ್ತದೆ. ಅದೇ ಕಟಕಟ.

4 ಚದರ ಮಿಲಿಮೀಟರ್ ವೈರ್ ಎಳೆದರೆ ಕಿಲೋಮೀಟರಿಗೆ 4.61 ಓಮ್. ಅದೇ ದೂರಕ್ಕೆ ಇಳಿತ 11 ವೋಲ್ಟ್, ಉಳಿಯುವುದು 204. ಬೀದಿಯ ಲೈನಿನಲ್ಲೂ ಒಂದಿಷ್ಟು ಇಳಿಯುತ್ತದೆ, ಆದರೂ ಕಾಯಿಲಿಗೆ ಸಾಕಾಗುವಷ್ಟು ಸಿಗುತ್ತದೆ. ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುವುದರಿಂದ, ದಪ್ಪ ವೈರ್ ಹಾಕಿದ ಮೇಲೆ ಮಿಷನ್ ಬೇಗ ವೇಗಕ್ಕೆ ಬರುವುದೂ ಕಾಣುತ್ತಿತ್ತು. ಆಚಾರ್ರು ಹೇಳದೆಯೇ ಗುರುತಿಸಿದರು.

ಜೊತೆಗೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಬದಲಾಯಿತು. ಬಿ ಬಗೆಯ 16 ಆಂಪ್ ಎಂಸಿಬಿ 48ರಿಂದ 80 ಆಂಪ್‌ನೊಳಗೆ ತಟ್ಟನೆ ಬೀಳುತ್ತದೆ, ಮೋಟಾರ್ ಶುರುವಾದಾಗಲೆಲ್ಲ ಅದು ಬೀಳುವ ಸಾಧ್ಯತೆ ಇತ್ತು. ಸಿ ಬಗೆಯದು 80ರಿಂದ 160. ಅದು ಬಂತು, ಮುಂದೆ 30 ಮಿಲಿಆಂಪ್ ಆರ್‌ಸಿಸಿಬಿ. ಮಿಷನ್ನಿನ ಕಬ್ಬಿಣದ ಮೈ, ಮೋಟಾರ್, ಸ್ಟಾರ್ಟರ್ ಡಬ್ಬಿ ಮೂರಕ್ಕೂ ಅರ್ಥ್ ಎಳೆದೆವು.

ದಿಕ್ಕು ಮತ್ತು ಪರೀಕ್ಷೆ

ನಾನು ಬರುವ ಮುಂಚಿನ ಒಂದು ಮಾತು ಹೇಳುವುದು ಉಳಿಯಿತು. ಹೊಸ ಮೋಟಾರನ್ನು ಬ್ಲೇಡ್ ಬಿಚ್ಚಿಟ್ಟು ಮೊದಲ ಸಲ ಓಡಿಸಿದಾಗ ಶಾಫ್ಟ್ ತಿರುಗಿದ್ದು ಉಲ್ಟಾ. ಹುಡುಗ ಫೇಸ್, ನ್ಯೂಟ್ರಲ್ ಅದಲು ಬದಲು ಮಾಡಲು ಹೊರಟಿದ್ದನಂತೆ. ತ್ರೀ ಫೇಸ್ ಅಭ್ಯಾಸ ಅದು, ಅಲ್ಲಿ ಯಾವ ಎರಡು ವೈರ್ ಬದಲಿಸಿದರೂ ದಿಕ್ಕು ಬದಲಾಗುತ್ತದೆ. ಸಿಂಗಲ್ ಫೇಸಿನಲ್ಲಿ ಹಾಗೆ ಮಾಡಿದರೆ ದಿಕ್ಕು ಬದಲಾಗುವುದಿಲ್ಲ, ಬಟನ್‌ಗಳು ನ್ಯೂಟ್ರಲ್ ಕಡೆಗೆ ಹೋಗುವುದೊಂದೇ ಫಲ. ಟರ್ಮಿನಲ್ ಬಾಕ್ಸಿನಲ್ಲಿ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿಗಳನ್ನು ಮಾತ್ರ ಬದಲಿಸಬೇಕು. ಕೈ ಹಾಕುವ ಮುಂಚೆ ಎಂಸಿಬಿ ಆಫ್ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ಬಲ್ಬ್ ಹಚ್ಚಿ ಇಳಿಸಬೇಕು. ಬ್ಲೇಡಿನ ಮುಂದಿನ ಹಲ್ಲುಗಳು ಕೊಯ್ಯುವವರ ಕಡೆಗೆ, ಕೆಳಮುಖವಾಗಿ ಬರಬೇಕು. ಅದು ಸರಿಯಾದ ಮೇಲೇ ಬ್ಲೇಡ್ ಹಾಕಿದ್ದು.

ಮೋಟಾರ್ ವೇಗಕ್ಕೆ ಬರುತ್ತಿದ್ದಂತೆ ಒಳಗಿನಿಂದ ಒಂದು ಟಿಕ್ ಕೇಳಿಸಬೇಕು. ಸೆಂಟ್ರಿಫ್ಯೂಗಲ್ ಸ್ವಿಚ್ ಸ್ಟಾರ್ಟಿಂಗ್ ವೈಂಡಿಂಗನ್ನು ಬಿಡಿಸುವ ಸದ್ದು ಅದು. ಅದು ಕೇಳಿಸದಿದ್ದರೆ ಕೂಡಲೇ ಆಫ್ ಮಾಡಿ ಅಂತ ಆಚಾರ್ರಿಗೆ ಹೇಳಿದೆ. ಮರದ ಪುಡಿ ಸೇರಿ ಆ ಸ್ವಿಚ್ ಸಿಕ್ಕಿಕೊಂಡರೆ ಸ್ಟಾರ್ಟಿಂಗ್ ವೈಂಡಿಂಗ್ ಸ್ವಲ್ಪ ಹೊತ್ತಿನಲ್ಲೇ ಸುಡುತ್ತದೆ. ಒಂದೊಂದು ಹಲಗೆಗೂ ಆಫ್ ಆನ್ ಮಾಡುವ ಹಳೆ ಅಭ್ಯಾಸವನ್ನೂ ಬಿಡಬೇಕಾಯಿತು. ಈ ಬಗೆಯ ಮೋಟಾರಿನ ಕೆಪಾಸಿಟರಿಗೆ ಪದೇ ಪದೇ ಶುರು ಮಾಡುವುದು ಆಗಿಬರುವುದಿಲ್ಲ.

ಕೊನೆಯ ಪರೀಕ್ಷೆಗಳನ್ನು ಆಚಾರ್ರ ಕೈಯಲ್ಲೇ ಮಾಡಿಸಿದೆವು. ಮಿಷನ್ ಓಡುವಾಗ ಮೇನ್ ಆಫ್ ಮಾಡಿ ಮತ್ತೆ ಆನ್ ಮಾಡಿದರು, ಮಿಷನ್ ನಿಂತೇ ಇತ್ತು. ರಿಲೇಯ ಟೆಸ್ಟ್ ಬಟನ್ ಒತ್ತಿದರು, ಕಾಂಟ್ಯಾಕ್ಟರ್ ಬಿತ್ತು. ಅದೇ ಹೊನ್ನೆ ಹಲಗೆಯನ್ನು ಉದ್ದಕ್ಕೂ ಕೊಯ್ದರು. ಕ್ಲ್ಯಾಂಪ್ ಮೀಟರ್ ಮತ್ತೆ 11ರ ಆಸುಪಾಸು ತೋರಿಸಿತು, ಡಯಲ್ 10.5ರಲ್ಲೇ ಇತ್ತು, ರಿಲೇ ಬೀಳಲಿಲ್ಲ. ಹಿಂದಿನ ಗೋಡೆಯ ಮೇಲಿದ್ದ ಸ್ಟಾರ್ಟರನ್ನು ಮಿಷನ್ನಿನ ಮುಂದಿನ ಎಡಗಾಲಿಗೆ ತಂದು ಕೂರಿಸಿದೆವು, ಎರಡೂ ಕೈ ಮರದ ಮೇಲಿದ್ದಾಗ ಮೊಣಕಾಲಿನಿಂದ ಕೆಂಪು ಬಟನ್ ಒತ್ತಲು ಸಿಗಬೇಕು. ಪೂರ್ತಿ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೊಬ್ಬರು ಬಂದು ನೋಡಿ, ಅರ್ಥ್ ಅಳೆದು ಸಹಿ ಹಾಕಿದರು. ಇದನ್ನು ಓದಿ ತಾವೇ ಡಬ್ಬಿ ತೆಗೆಯಲು ಹೊರಡುವವರೂ ಅಂಥವರನ್ನು ಕರೆದುಕೊಂಡೇ ಕೆಲಸ ಮಾಡಬೇಕು.

ಹಳೆ 415ರ ಕಾಯಿಲ್ ವಾಸನೆ ಹಿಡಿದಿತ್ತು, ಬಿಸಾಕಿದೆವು. 2.5–4 ಆಂಪ್ ರಿಲೇಯನ್ನು ಹಳೆ ಮೋಟಾರಿಗೇ ಕಟ್ಟಿಟ್ಟಿದ್ದಾರೆ. ಸ್ವಂತ ಶೆಡ್ಡಿಗೆ ತ್ರೀ ಫೇಸ್ ಬಂದ ದಿನ ಲೂಪ್ ತೆಗೆಯಬೇಕು, ಹೊಸ 415ರ ಕಾಯಿಲ್ ಹಾಕಬೇಕು, ಆ ರಿಲೇ ಹಾಕಿ 3.4ಕ್ಕೆ ಇಡಬೇಕು, ಎ2ರ ವೈರನ್ನು ಎಲ್2ರಿಂದ ಮತ್ತೆ ಎಲ್3ಕ್ಕೆ ಒಯ್ಯಬೇಕು. ಇಷ್ಟನ್ನೂ ಚಿತ್ರದ ಸಮೇತ ಹುಡುಗನೇ ಬರೆದು ಸ್ಟಾರ್ಟರ್ ಮುಚ್ಚಳದ ಒಳಗೆ ಅಂಟಿಸಿದ್ದಾನೆ.